ನಾಲಿಗೆಯ ಕಂದಕ

ಅಪ್ಪಾ, ನನ್ನ ಮದುವೆ ಆಗಿಹೋಯಿತು, ಕುಣಿದಾಡುವಷ್ಟು ಖುಷಿಯಾಗಿದ್ದೇನೆ!

ನೀವು ಬೇಡವೆಂದರೂ ನಾನು ಕೈಹಿಡಿದ ಆ ಬೇಕರಿಯವರನ್ನು ಈವತ್ತು ನಮ್ಮ ಕಾಲೇಜಿನ ಲ್ಯಾಬಿಗೆ ಕರೆದೊಯ್ದು, ನೀವು ಇಲ್ಲಿ ಪಾಠ ಮಾಡುತ್ತಿದ್ದಾಗ ತಯಾರಿಸಿದ ನಾಲಿಗೆಯ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ನೀವು ಎಲ್ಲರಿಗೂ ಬೈಯುತ್ತಿದ್ದ ತಪ್ಪನ್ನೇ ಮಾಡಿದರು, ಇನ್ನೊಂದು ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡರು.

“ಇದೇನೇ, ದಿಬ್ಬದ ಸುತ್ತ ಕಂದಕ ತೋಡಿದ್ದಾರೆ!”

“ನಾಲಿಗೆ ಹಿಂಭಾಗ ಹಾಗೇ ಇರೋದು. ಆ ಗೋಡೇಲಿ ಈರುಳ್ಳಿ ಥರ ಕಾಣೋವೇ ರುಚಿಮೊಗ್ಗು. ಅಡೀಲಿ ನೇರಳೆ ಗೊಂಚಲು ಇದೆಯಲ್ಲ, ಅವು ಜೊಲ್ಲಿನ ಗ್ರಂಥಿ. ನೀರಿನಂಥ ಜೊಲ್ಲು ಬಿಟ್ಟು ಕಂದಕ ತೊಳೀತಾನೇ ಇರ್ತವೆ. ಹಳೇ ರುಚಿ ಹೋದ್ರೆ ತಾನೇ ಹೊಸದು ಗೊತ್ತಾಗೋದು?”

“ಇಷ್ಟು ತೆಳ್ಳಗೆ ಕೊಯ್ದಿದ್ದು ಯಾರು?”

“ನಮ್ಮಪ್ಪ.”

“ಅಬ್ಬಾ! ನನ್ನ ಬ್ರೆಡ್ ಕೊಯ್ಯೋಕೆ ಮಾವನವರನ್ನೇ ಕರೀಬೇಕು ಕಣೇ.”

ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ನಾನೂ ನೋಡಿದೆ. ಒಂದು ಸುಕ್ಕಿಲ್ಲ, ಒಂದು ಗೀರಿಲ್ಲ. ಅಲಗು ಹಿಡಿದ ನಿಮ್ಮ ಕೈ ಎಷ್ಟು ಹಗುರವಿತ್ತು ಅಪ್ಪಾ! ಹೀಗೆ ಕೊಯ್ಯಲು ಇಲ್ಲಿ ಈಗ ಯಾರಿಗೂ ಬರುವುದಿಲ್ಲ. ಇವರಂತೂ ಇನ್ನೊಮ್ಮೆ, ಮತ್ತೊಮ್ಮೆ ಎನ್ನುತ್ತ ಲ್ಯಾಬಿನ ಬಾಗಿಲು ಹಾಕುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ.

ಈ ಪತ್ರ ಕಳಿಸುವುದಿಲ್ಲ. ನಾವು ಬರುವುದು ಮೊದಲೇ ಗೊತ್ತಾದರೆ, ಮದುವೆಯ ದಿನ ಮಾಡಿದ ಹಾಗೆ ನೀವು ಮನೆಗೆ ಬೀಗ ಹಾಕಿ ಎಲ್ಲಿಗಾದರೂ ಹೊರಟುಬಿಡುತ್ತೀರಿ. ಭಾನುವಾರ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಬಂದಿಳಿಯುತ್ತೇವೆ, ಇಬ್ಬರೂ.