ಎಡಗಡೆಯ ಮುಂದಿನ ಹಲ್ಲು

ಮೇ 13, ಸೋಮವಾರ

ಇವತ್ತು ಆರು ಜನರ ಹಲ್ಲಿನ ತಂತಿ ಬಿಚ್ಚಿದೆ. ಮೇ ಬಂತೆಂದರೆ ನಮ್ಮ ರೂಸೆ ಊರಿನಲ್ಲಿ ಇದೇ ಗೋಳು. ಹನ್ನೆರಡನೇ ತರಗತಿಯವರಿಗೆಲ್ಲ ಇಪ್ಪತ್ತನಾಲ್ಕರ ಬೀಳ್ಕೊಡುಗೆ ಕೂಟಕ್ಕೆ ಮುಂಚೆ ಬಾಯಿ ಖಾಲಿಯಾಗಬೇಕು. ಮೂರು ವರ್ಷ ಕಾದವರಿಗೆ ಮೂರು ದಿನ ಕಾಯಲಾಗದು.

ಪೆನ್ಕಾಳದು ಮತ್ತೆ ಅದೇ ರಾಗ. ಇಪ್ಪತ್ತೆರಡು ವರ್ಷದಿಂದ ನನ್ನ ಸಹಾಯಕಿ, ಅದಕ್ಕೇ ಅಷ್ಟು ಬಾಯಿ. "ಡಾಕ್ಟ್ರೇ, ಆ ಭೂತಗನ್ನಡಿ ಕನ್ನಡಕ ಹಾಕ್ಕೊಳ್ಳಿ. ಎರಡು ವರ್ಷದಿಂದ ಡ್ರಾಯರ್‌ನಲ್ಲಿ ನಿದ್ದೆ ಹೊಡೀತಿದೆ."

ಕತ್ತು ನೋಯುತ್ತೆ ಅಂದೆ. ಸುಳ್ಳು. ಹಾಕಿಕೊಂಡರೆ ಕಣ್ಣು ಮಂದವಾಗಿದೆ ಎಂದು ಒಪ್ಪಿಕೊಂಡಂತೆ. ಐವತ್ತೊಂಬತ್ತು ಏನು ಮಹಾ.

ಮೇ 16, ಗುರುವಾರ

ಹನ್ನೆರಡನೇ ತರಗತಿಯ ರಲಿತ್ಸಾ ಬಂದಿದ್ದಳು. ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಪಿಂಗಾಣಿ ಬ್ರಾಕೆಟ್‌ಗಳು — ಜಿಗಣೆಯ ಹಾಗೆ ಕೂತಿರುತ್ತವೆ, ಜಗ್ಗಿದರೆ ಹಲ್ಲಿನ ಮೇಲ್ಪದರವನ್ನೇ ಕಿತ್ತುಕೊಂಡು ಬರಬಹುದು. ಅವಳ ಎಡಗಡೆಯ ಮುಂದಿನ ಹಲ್ಲಿನ ಎನಾಮಲ್ ಮೊದಲೇ ತೆಳು. ಇಕ್ಕಳದಿಂದ ಬುಡದಲ್ಲಿ ಮೆಲ್ಲಗೆ ಒತ್ತಿದೆ. ಬ್ರಾಕೆಟ್ ಬಂತು, ಅಂಟೆಲ್ಲ ಹಲ್ಲಿನ ಮೇಲೇ ಉಳಿಯಿತು. ಹಾಗೇ ಆಗಬೇಕು. ಉಳಿದವೂ ಹಾಗೇ ಬಂದವು.

ಆಮೇಲೆ ಅಂಟು ಸವೆಸುವ ಕೆಲಸ. ನಿಧಾನದ ಡ್ರಿಲ್‌ನಲ್ಲಿ, ನೀರಿಲ್ಲದೆ ಮಾಡಬೇಕು. ಒದ್ದೆಯಾದರೆ ಅಂಟೂ ಹಲ್ಲೂ ಒಂದೇ ಥರ ಕಾಣುತ್ತವೆ. ವಿದ್ಯಾರ್ಥಿಗಳಿಗೆ ನಾನೇ ಪಾಠ ಹೇಳಿದ್ದೆ... ಹೊರಗೆ ನಾಲ್ವರು ಕಾಯುತ್ತಿದ್ದರು. ಜೋರಿನ ಡ್ರಿಲ್ ತೆಗೆದುಕೊಂಡೆ, ನೀರು ಬಿಟ್ಟೆ. ಸೋಮವಾರ ಆರು ಜನಕ್ಕೂ ಹಾಗೇ ಮಾಡಿದ್ದೆ. ಆ ಹಲ್ಲಿನಿಂದಲೇ ಶುರು.

ಪೆನ್ಕಾ ಗಾಳಿ ಹಾಯಿಸಿ ಹಲ್ಲು ಒಣಗಿಸಿದಳು. ನನ್ನ ಮಣಿಕಟ್ಟು ಹಿಡಿದಳು. ಕಿವಿಯ ಹತ್ತಿರ ಬಂದು, "ನಿಲ್ಸಿ ಡಾಕ್ಟ್ರೇ. ಅಂಟು ಆಗ್ಲೇ ಮುಗ್ದಿದೆ" ಎಂದಳು.

ಅಂಟು ಮುಗಿದಿದ್ದರೆ ನಾನು ಸವೆಸುತ್ತಿದ್ದದ್ದು ಏನು? ಡ್ರಿಲ್ ಕೆಳಗಿಟ್ಟೆ.

"ಉಳಿದಿದ್ದು ಮಂಗಳವಾರ" ಅಂದೆ.

"ಅಲ್ಲೀವರೆಗೆ ಬಾಯ್ತುಂಬ ಗೋಂದು ಇಟ್ಕೊಂಡು ಓಡಾಡ್ಲಾ?" ರಲಿತ್ಸಾ ರೇಗಿದಳು.

ಹೊರಗಿದ್ದ ನಾಲ್ವರನ್ನೂ ವಾಪಸ್ ಕಳಿಸಿದೆ.

ಮೇ 21, ಮಂಗಳವಾರ

ಭೂತಗನ್ನಡಿ ಹಾಕಿಕೊಂಡೆ. ಪೆನ್ಕಾ ಆಗಲೇ ಅದರ ಧೂಳು ಒರೆಸಿಟ್ಟಿದ್ದಳು. ಅದೇ ದೊಡ್ಡ ಏಟು.

ರಲಿತ್ಸಾಳ ಆ ಹಲ್ಲಿನ ಮೇಲೆ ಮೂರು ಗೆರೆ. ಬರಿಗಣ್ಣಿಗೆ ಕಾಣವು. ನನ್ನವೇ.

ಉಳಿದ ಹಲ್ಲುಗಳಿಗೆ ಒಂದು ಗಂಟೆ ಹತ್ತು ನಿಮಿಷ. ನಿಧಾನದ ಡ್ರಿಲ್, ಕೈ ಹಗುರ, ಪೆನ್ಕಾಳ ಗಾಳಿ. ಒಂದರ ಮೇಲೂ ಗೀರಿಲ್ಲ. ಕೊನೆಗೆ ಪಾಲಿಷ್, ಫ್ಲೋರೈಡ್ ಲೇಪ. ಮೂರು ಗೆರೆ ಮಾತ್ರ ಪೂರ್ತಿ ಅಳಿಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎನಾಮಲ್ಲೂ ಅಷ್ಟೇ.

ಹೇಳಿಬಿಟ್ಟೆ. ಅವಳ ಅಜ್ಜಿಯೂ ಜೊತೆಗಿದ್ದರು.

"ನೀವು ಹೇಳ್ದೇ ಇದ್ದಿದ್ರೆ ನಮ್ಗೆ ಗೊತ್ತಾಗ್ತಿತ್ತಾ?" ಅಜ್ಜಿ ಕೇಳಿದರು.

"ಇಲ್ಲ. ಮುಂದೆ ಯಾವತ್ತೋ ತಣ್ಣೀರು ಕುಡಿದಾಗ ಚುಳ್ ಅಂದ್ರೆ ಮಾತ್ರ ಗೊತ್ತಾಗ್ಬಹುದಿತ್ತು."

"ನನ್ನ ಹಲ್ಲೆಲ್ಲ ಈಗ ಲೋಟದಲ್ಲಿವೆ. ಕಿತ್ತವರಲ್ಲಿ ಒಬ್ರೂ ತಪ್ಪಾಯ್ತು ಅಂದಿಲ್ಲ ಬಿಡಿ."

ರಲಿತ್ಸಾ ಹಲ್ಲು ನೋಡಿಕೊಂಡ ಕನ್ನಡಿ ವಾಪಸ್ ಕೊಟ್ಟು, ತುಟಿ ಬಿಗಿದುಕೊಂಡೇ ಹೋದಳು. ಮೂರು ವರ್ಷ ಅವಳು ಕಾದದ್ದು ಬಾಯಿ ತೆರೆದು ನಗಲಿಕ್ಕೆ. ಸಂಕಟವಾಯಿತು.

ಮೇ 24, ಶುಕ್ರವಾರ. ಸಂಜೆ 6

ಬೀದಿ ತುಂಬ ಹಾರ್ನ್. ಕಾರಿನ ಕಿಟಕಿಗಳಲ್ಲಿ ಅರ್ಧ ಹೊರಗೆ ನೇತಾಡುತ್ತ ಹುಡುಗರು ಓದಿ ಮುಗಿಸಿದ ತರಗತಿಗಳನ್ನು ಒಂದರಿಂದ ಹನ್ನೆರಡರವರೆಗೆ ಕೂಗಿ ಎಣಿಸುತ್ತಿದ್ದಾರೆ, ಪ್ರತಿ ವರ್ಷದ ಹಾಗೆ. ಪೆನ್ಕಾಳ ಜೊತೆ ಕ್ಲಿನಿಕ್ ಬಾಗಿಲಲ್ಲಿ ನಿಂತಿದ್ದೆ.

ಒಂದು ಕಾರಿನಲ್ಲಿ ಹಸಿರು ರೇಷ್ಮೆ ತೊಟ್ಟ ರಲಿತ್ಸಾ. "ಐದು!" ಅನ್ನುವಾಗ ನನ್ನನ್ನು ನೋಡಿದಳು. ಬಾಯಿ ಮುಚ್ಚಿತು. ಆರು, ಏಳು, ಎಂಟು — ಉಳಿದವರೇ ಕೂಗಿದರು. ಕಾರು ಎದುರಿಗೆ ಬಂತು. ಇದ್ದಕ್ಕಿದ್ದಂತೆ ಬೆರಳಿನಿಂದ ಎಡಗಡೆಯ ಹಲ್ಲು ತೋರಿಸಿ, ಅಷ್ಟಗಲ ಬಾಯಿ ತೆರೆದು "ಹನ್ನೆರಡು!" ಎಂದು ಕಿರುಚಿದಳು. ನಗುತ್ತಿದ್ದಳು. ನನಗೆ ಅಳು ಬಂತು.

ಒಳಗೆ ಬಂದು ಹದಿಮೂರರ ಸೋಮವಾರ ತಂತಿ ಬಿಚ್ಚಿದ ಆರು ಜನರ ಫೋನ್ ನಂಬರ್ ತೆಗೆದೆ.

"ಹಬ್ಬದ ದಿನ ಬೇಡ, ನಾಡಿದ್ದು ಮಾಡಿದ್ರಾಯ್ತು" ಅಂದಳು ಪೆನ್ಕಾ.

"ನಾಡಿದ್ದಿಗೆ ನನ್ನ ಧೈರ್ಯ ಉಳಿದಿರಲ್ಲ ಕಣೇ."

ಮೊದಲನೆಯವನು ತಿಹೊಮಿರ್. ರಿಂಗ್ ಆಗುತ್ತಿದೆ. ಕೈ ಸುಮ್ಮನಿರಲಾರದೆ ಇದನ್ನು ಬರೆಯುತ್ತಿದೆ. ಅವನ ತಾಯಿ ಎತ್ತಿದರು, ಈಗ —