ನಾಲ್ಕು ಜನ ಕೆಮ್ಮುವ ತನಕ ಕಾಯುವ ಯಂತ್ರ

ಕ್ಷಯರೋಗ ನಿಯಂತ್ರಣದ ಅಧಿಕಾರ ಹೊತ್ತ ಮಾನ್ಯರೇ,

ನನ್ನ ತಂಗಿಯನ್ನು ಕೊಂದದ್ದು ನಿಮ್ಮ ಪ್ರಯೋಗಾಲಯದ ಮಿತವ್ಯಯ. ಕರೆಂಟು ಎಷ್ಟು ಉಳಿಯಿತೋ ತಿಳಿಯದು, ಉಳಿದಿದ್ದರೆ ಅಭಿನಂದನೆಗಳು.

ಕಫದಲ್ಲಿ ಕ್ಷಯದ ರೋಗಾಣು ಇದೆಯೇ, ಇದ್ದರೆ ಅದು ಮುಖ್ಯ ಮಾತ್ರೆಗೆ ಬಗ್ಗುವ ಜಾತಿಯೇ ಎಂಬುದನ್ನು ಅದರ ಜೀನ್ ನೋಡಿ ಎರಡು ಗಂಟೆಯಲ್ಲಿ ಹೇಳುವ ಯಂತ್ರ ನಿಮ್ಮಲ್ಲಿದೆ. ಅದಕ್ಕೆ ನಾಲ್ಕು ಖಾನೆ. ಉಳಿದವು ಖಾಲಿ ಇದ್ದರೂ ಒಂದೊಂದೂ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ. ಉದ್ಘಾಟನೆಯ ದಿನ ಇದನ್ನು ವಿವರಿಸಿದವರು ನೀವೇ; ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಆಮೇಲೆ ನಿಮ್ಮದೇ ಆದೇಶ ಹೊರಟಿತು: ನಾಲ್ಕೂ ಖಾನೆ ತುಂಬದೆ ಯಂತ್ರ ಚಾಲೂ ಮಾಡಕೂಡದು. ಸೀಟು ಭರ್ತಿಯಾಗದೆ ಹೊರಡದ ಬಾಡಿಗೆ ಗಾಡಿಯವನಿಂದ ಕಲಿತಿರೋ? ಅವನಾದರೂ ಹಾರ್ನ್ ಹೊಡೆದು ಜನರನ್ನು ಕರೆಯುತ್ತಾನೆ.

ತಂಗಿ ಬಟ್ಟೆ ಹೊಲಿಯುವವಳು. ಅವಳು ಕಫದ ಡಬ್ಬಿ ಕೊಟ್ಟಾಗ ಪ್ರಯೋಗಾಲಯದ ಹುಡುಗ, "ಇನ್ನೂ ಮೂವರದ್ದು ಬರ್ಬೇಕು ಅಕ್ಕಾ, ಆಮೇಲೆ ಮೆಷಿನ್ ಹಾಕ್ತೀವಿ" ಎಂದ. ಅವಳು ನನ್ನ ಕಡೆ ತಿರುಗಿ, "ಅಣ್ಣಾ, ಹೊರಗೆ ಯಾರಾದ್ರೂ ಕೆಮ್ತಿದ್ರೆ ಎಳ್ಕೊಂಡು ಬಾ. ಇಲ್ಲಿ ಒಬ್ಬಳೇ ಸಾಯೋ ಹಾಗಿಲ್ವಂತೆ" ಎಂದು ನಕ್ಕಳು. ಆ ನಗು ಕೆಮ್ಮಾಗಿ, ಬೆಂಚು ಹಿಡಿದು ಕೂತಳು.

ಮೂವರು ಬರುವಷ್ಟರಲ್ಲಿ ಕಫ ಡಬ್ಬಿಯಲ್ಲೇ ಕೆಟ್ಟಿತು. ಮತ್ತೆ ಕೊಟ್ಟಳು. ಅದೂ ಕೆಟ್ಟಿತು. ಈ ನಡುವೆ ನಿಮ್ಮವರು ಕೊಟ್ಟ ಮಾಮೂಲಿ ಮಾತ್ರೆಗಳನ್ನು ಒಂದು ಹೊತ್ತೂ ತಪ್ಪಿಸದೆ ನುಂಗಿದಳು. ಮೂರನೆಯ ಡಬ್ಬಿಗೆ ಹೇಗೋ ಜೊತೆ ಸಿಕ್ಕಿ, ಅವಳೊಳಗಿನ ರೋಗಾಣು ಆ ಮಾತ್ರೆಗೆ ಕ್ಯಾರೇ ಅನ್ನುವುದಿಲ್ಲವೆಂದು ಕೊನೆಗೂ ಯಂತ್ರ ಹೇಳಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ಸರಿಯಾದ ಔಷಧ ಶುರುವಾದಾಗ ಅವಳ ಶ್ವಾಸಕೋಶದಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಮಣ್ಣು ಮಾಡಿ ಬಂದು ನಿಮ್ಮನ್ನು ಕೇಳಿದೆ. "ನೋಡಿ ಸಾರ್, ರೂಲ್ಸು ಎಲ್ಲರಿಗೂ ಒಂದೇ. ನಿಮ್ಮ ತಂಗಿ ಅಂತ ಬೇರೆ ಮಾಡೋಕಾಗುತ್ತಾ?" ಎಂದಿರಿ. ಎಂಥ ಸಮದೃಷ್ಟಿ! ರೋಗಾಣುವೂ ನಿಮ್ಮ ಹಾಗೆಯೇ, ಭೇದ ಎಣಿಸುವುದಿಲ್ಲ. ಅಮ್ಮನ ಮಗ್ಗುಲಲ್ಲಿ ಮಲಗುತ್ತಿದ್ದ ತಂಗಿಯ ಮಗಳೂ ಈಗ ಕೆಮ್ಮುತ್ತಿದ್ದಾಳೆ. ಅವಳ ಕಫ ಇಂದು ಬೆಳಿಗ್ಗೆ ನಿಮ್ಮ ಮೇಜು ಸೇರಿದೆ. ಉಳಿದ ಮೂರಕ್ಕಾಗಿ ಕಾಯುತ್ತಿದ್ದಾರಂತೆ.

ಆದೇಶವನ್ನು ಇಂದೇ ಹಿಂಪಡೆಯಿರಿ; ಆ ಒಂದು ಡಬ್ಬಿಯನ್ನು ಒಂಟಿಯಾಗಿಯೇ ಯಂತ್ರಕ್ಕೆ ಹಾಕಿಸಿ. ಅದು ನಿಮ್ಮ ಘನತೆಗೆ ಕುಂದು ಎನ್ನಿಸಿದರೆ ಚಿಂತೆ ಬೇಡ. ಮನೆಯಲ್ಲಿ ಅವಳ ಅಪ್ಪ, ಅಜ್ಜಿ, ನಾನು, ಸರಿಯಾಗಿ ಮೂವರಿದ್ದೇವೆ. ಸ್ವಲ್ಪ ಕಾಲಾವಕಾಶ ಕೊಟ್ಟರೆ ನಿಮ್ಮ ಖಾನೆಗಳನ್ನು ನಾವೇ ತುಂಬಿಸಿಕೊಡುತ್ತೇವೆ.

ಇಂತಿ,
ಎರಡನೆಯ ಖಾನೆಯ ಸರದಿಯಲ್ಲಿರುವ,
ಆ ಹುಡುಗಿಯ ಸೋದರಮಾವ