ಇರಲಿ ಎಂಬ ಗುರುತು

ಮಂಗಳವಾರ, ಮಧ್ಯಾಹ್ನ ಎರಡೂವರೆ

ನನ್ನ ಚುಕ್ಕಿಗೆ ಅಮ್ಮನ ಮುತ್ತುಗಳು.

ಹೆದರಬೇಡ, ಇದು ಬರೀ ಕಾಗದ. ಇದಕ್ಕೆ ಬಾಯಿಲ್ಲ, ದನಿಯಿಲ್ಲ. ನರ್ಸಮ್ಮನಿಗೂ ಹೇಳಿದ್ದೇನೆ, ಯಾರೂ ನಿನಗೆ ಇದನ್ನು ಓದಿ ಹೇಳಬಾರದು, ಮಡಿಸಿ ಕೈಗೆ ಕೊಟ್ಟುಬಿಡಿ ಅಂತ. ನಿನ್ನ ಕಣ್ಣಿಂದ ನೀನೇ ಓದಿಕೊ. ಸಾಕು ಅನಿಸಿದ ಕಡೆ ನಿಲ್ಲಿಸು. ಅರ್ಧಕ್ಕೆ ಬಿಟ್ಟರೂ ನನಗೇನೂ ಬೇಜಾರಿಲ್ಲ. ಸುಳ್ಳು, ಬೇಜಾರಾಗುತ್ತದೆ. ಆದರೂ ಬಿಡು.

ಹೋದ ವಾರದ ನನ್ನ ಕಾಗದ ವಾಪಸ್ ಬಂತು. ಕವರ್ ನೋಡಿ, ಓದದೆ ಹಾಗೇ ಕಳಿಸಿದ್ದೀಯ ಅಂದುಕೊಂಡೆ. ಬಿಡಿಸಿದರೆ ಕೆಂಪು ಪೆನ್ಸಿಲ್! ಎರಡು ತಪ್ಪು ಹಿಡಿದಿದ್ದೀಯ. ‘ಬೇಗ’ ಅನ್ನುವುದು ಎರಡು ಸಲ ಬಂದಿತ್ತು, ಒಂದನ್ನು ಹೊಡೆದುಹಾಕಿದ್ದೀಯ. ಔಷಧವನ್ನು ನಾನು ‘ಔಷದ’ ಅಂತ ಬರೆದಿದ್ದೆ, ಅದಕ್ಕೆ ಸುತ್ತು ಹಾಕಿ ಪಕ್ಕದಲ್ಲಿ ಸರಿಯಾಗಿ ಬರೆದಿದ್ದೀಯ. ಮೂವತ್ತೊಂದು ವರ್ಷ ಪ್ರೂಫ್ ನೋಡಿದವಳ ಕೈಯಲ್ಲೇ ಔಷಧದ ಮಹಾಪ್ರಾಣ ಹಾರಿಹೋಗಿತ್ತು ನೋಡು. ನನಗೆಷ್ಟು ಖುಷಿಯಾಯಿತೆಂದರೆ ಚಪ್ಪಲಿ ಕೂಡ ಹಾಕಿಕೊಳ್ಳದೆ ಆ ಹಾಳೆ ಹಿಡಿದು ನಿನ್ನ ದೊಡ್ಡಮ್ಮನ ಮನೆಗೆ ಓಡಿದೆ. ತಪ್ಪು ಹಿಡಿಸಿಕೊಂಡು ಕುಣಿಯುವವಳನ್ನು ಇವತ್ತೇ ನೋಡಿದ್ದು, ನಿನಗೇನು ಹುಚ್ಚಾ ಅಂದಳು ಅಕ್ಕ. ಅಂದವಳೇ ನಾಲಿಗೆ ಕಚ್ಚಿಕೊಂಡಳು. ದಿನಕ್ಕೆ ಎಷ್ಟು ಸಲ ಆ ಮಾತು ಆಡುತ್ತೇವೆ ಅಂತ ಈಗ ಗಮನಕ್ಕೆ ಬರುತ್ತಿದೆ.

ವಿಷಯಕ್ಕೆ ಬರುತ್ತೇನೆ. ಬರುವ ಸೋಮವಾರ ನಿನ್ನನ್ನು ಮನೆಗೆ ಕಳಿಸಬಹುದು ಅಂತ ಡಾಕ್ಟರಮ್ಮ ಹೇಳಿದರು. ಎಲ್ಲಿಗೆ ಹೋಗುತ್ತೀಯ ಅಂತ ಕೇಳಿದ್ದಕ್ಕೆ, ಅಮ್ಮ ಇರುವ ಮನೆಗೆ ಮಾತ್ರ ಬೇಡ, ನನಗೆ ಕೇಳಿಸುವ ಆ ದನಿ ಅವಳದೇ ಅಂದೆಯಂತೆ. ಅವರು ಮೆಲ್ಲಗೆ, ನನಗೆ ನೋವಾಗದ ಹಾಗೆ ಹೇಳಿದರು. ನಾನೂ ಎಲ್ಲ ಅರ್ಥವಾದವಳ ಹಾಗೆ ತಲೆಯಾಡಿಸಿ ಹೊರಗೆ ಬಂದೆ. ಕಾರಿಡಾರಿನ ಗೋಡೆಯ ಮೇಲೆ ‘ಶಬ್ಧ ಮಾಡಬಾರದು’ ಅಂತ ಬೋರ್ಡಿದೆಯಲ್ಲ, ಅದನ್ನೇ ನೋಡುತ್ತಾ ನಿಂತೆ. ನನ್ನ ಔಷಧದಿಂದ ಬಿದ್ದ ಮಹಾಪ್ರಾಣವನ್ನು ಯಾರೋ ಎತ್ತಿಕೊಂಡು ಹೋಗಿ ಅವರ ಶಬ್ದಕ್ಕೆ ಅಂಟಿಸಿದ್ದಾರೆ. ಪಕ್ಕದಲ್ಲಿ ನೀನಿದ್ದಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನನಗೆ ಅಲ್ಲೇ ಅಳು ಬಂತು.

ಎಲ್ಲಿಂದ ಶುರುವಾಯಿತು ಅಂತ ದಿನಾ ಹಿಂದೆ ಹಿಂದೆ ಹೋಗಿ ನೋಡುತ್ತೇನೆ. ಪ್ರೆಸ್ಸಿನಲ್ಲಿ ಕಿಟಕಿ ಪಕ್ಕದ ಮೇಜು, ಆಚೆ ನಾನು, ಈಚೆ ನೀನು. ನಾನು ಹಸ್ತಪ್ರತಿ ಜೋರಾಗಿ ಓದುವುದು, ನೀನು ಪ್ರೂಫಿನಲ್ಲಿ ತಿದ್ದುವುದು. ಆರು ವರ್ಷ ಹೀಗೇ. ಪದ ಓದಿದರೆ ಸಾಲದು, ಗುರುತುಗಳನ್ನೂ ಬಾಯಿಬಿಟ್ಟು ಹೇಳಬೇಕು. ಅವನು ಬಂದನು ಕಾಮಾ ಬಾಗಿಲು ತೆರೆಯಿತು ಫುಲ್‌ಸ್ಟಾಪ್ ಹೊಸ ಪ್ಯಾರಾ. ಕೇಳಿದವರಿಗೆ ನಗು, ನಮಗೆ ಅದೇ ಹೊಟ್ಟೆಪಾಡು.

ಒಂದು ಸಂಜೆ ತಟ್ಟೆ ತೊಳೆಯುತ್ತಾ ನೀನು, ಅಮ್ಮ, ಯಾರೋ ನನ್ನನ್ನು ಓದುತ್ತಿದ್ದಾರೆ ಅಂದೆ. ತಟ್ಟೆ ತೊಳೆದಳು ಕಾಮಾ, ಕೈ ಒರೆಸಿಕೊಂಡಳು ಫುಲ್‌ಸ್ಟಾಪ್, ಹೀಗೆ ಕೇಳಿಸುತ್ತದೆ ಅಂದೆ. ನಾನು ಬಿದ್ದು ಬಿದ್ದು ನಕ್ಕೆ. ಪ್ರೂಫ್ ನೋಡಿ ನೋಡಿ ತಲೆಗೆ ಹತ್ತಿದೆ ಕಣೇ, ನನಗೂ ಕನಸಲ್ಲಿ ಕಾಮಾ ಉದುರುತ್ತವೆ ಅಂದೆ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ನಾನು ಅದನ್ನೊಂದು ಆಟ ಮಾಡಿಕೊಂಡೆ. ನೀನು ಮುಖ ಊದಿಸಿಕೊಂಡರೆ, ಮಗಳಿಗೆ ಸಿಟ್ಟು ಬಂತು ಆಶ್ಚರ್ಯಸೂಚಕ! ನೀನು ಸ್ನಾನಕ್ಕೆ ಹೊರಟರೆ, ಬಚ್ಚಲಿಗೆ ಹೋದಳು ಹೊಸ ಪ್ಯಾರಾ! ಮೊದಮೊದಲು ನೀನೂ ನಗುತ್ತಿದ್ದೆ. ಆಮೇಲೆ ನಗುವುದು ನಿಲ್ಲಿಸಿದೆ. ಒಂದು ಕಾಮಾ ಬಿಟ್ಟುಹೋದರೆ ಹಿಡಿಯುವ ಕಣ್ಣು ನನ್ನದು, ಅದು ಮಾತ್ರ ಕಾಣಿಸಲಿಲ್ಲ.

ನೀನು ಕಿವಿಗೆ ಹತ್ತಿ ತುರುಕಿಕೊಂಡೆ. ರೇಡಿಯೋ ಜೋರಾಗಿ ಹಾಕಿದೆ. ಒಮ್ಮೊಮ್ಮೆ ಕುರ್ಚಿಯ ಮೇಲೆ ಎರಡೆರಡು ಗಂಟೆ ಕೈ ಕೂಡ ಅಲ್ಲಾಡಿಸದೆ ಕೂರುತ್ತಿದ್ದೆ. ಸೋಮಾರಿ ಅಂತ ನಾನು ಬೈದೆ. ಏನೂ ಮಾಡದಿದ್ದರೆ ಅದಕ್ಕೆ ಓದಲು ಏನೂ ಸಿಗುವುದಿಲ್ಲ ಅಂತ ನೀನು ಹಾಗೆ ಕೂರುತ್ತಿದ್ದೆಯಂತೆ. ಇದು ನನಗೆ ಗೊತ್ತಾದದ್ದು ಮೊನ್ನೆ, ಡಾಕ್ಟರಮ್ಮ ಹೇಳಿದ ಮೇಲೆ.

ಇನ್ನೊಂದು ಹೇಳಿಬಿಡುತ್ತೇನೆ. ನಿಘಂಟಿನ ಪ್ರೂಫಿನಲ್ಲಿ ನೀನು ಒಂದು ಪುಟ ಪೂರ್ತಿ, ಪದಕ್ಕೊಂದು ಫುಲ್‌ಸ್ಟಾಪ್ ಇಟ್ಟಿದ್ದೆ. ಅದು ಮಾಲೀಕರ ಕಣ್ಣಿಗೆ ಬೀಳುವ ಮೊದಲು ನಾನು ಎತ್ತಿಟ್ಟುಕೊಂಡು ಬೇರೆ ಹಾಳೆಯಲ್ಲಿ ತಿದ್ದಿ ಕೊಟ್ಟೆ. ನಿನಗೆ ಜ್ವರ ಅಂದೆ. ಅಕ್ಕನಿಗೂ ಜ್ವರ ಅಂತಲೇ ಹೇಳಿದೆ. ಊರವರ ತಪ್ಪೆಲ್ಲ ಹಿಡಿಯುವವಳು ಮಗಳ ಕಾಯಿಲೆಯನ್ನು ತಪ್ಪು ಅಂತ ತಿಳಿದು ಮುಚ್ಚಿಟ್ಟೆ. ಆ ಪುಟ ಈಗಲೂ ನನ್ನ ಹತ್ತಿರ ಇದೆ. ಆ ಚುಕ್ಕಿಗಳೆಲ್ಲ, ಓದುವವರು ಎಲ್ಲಾದರೂ ಒಂದು ಕಡೆ ನಿಲ್ಲಲಿ ಅಂತ ನೀನು ಇಟ್ಟದ್ದು ಅಲ್ಲವಾ? ಆಗಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ನಾಲ್ಕು ತಿಂಗಳು ಹಾಳು ಮಾಡಿದೆ.

ಇನ್ನು ಆ ಮಧ್ಯಾಹ್ನದ ಮಾತು. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯಬೇಕು. ನಾನು ಓದುತ್ತಿದ್ದೆ, ನೀನು ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಸರಿದುಬಿಟ್ಟೆ. ನಿಲ್ಲಿಸಮ್ಮ, ನಿಲ್ಲಿಸಮ್ಮ ಅಂದೆ. ನಿಲ್ಲಿಸಿದೆ. ನಾನು ಬಾಯಿ ಮುಚ್ಚಿ ನಿಂತಿದ್ದರೂ ನೀನು ನಿಲ್ಲಿಸಮ್ಮ ಅನ್ನುತ್ತಲೇ ಇದ್ದೆ. ನೆಲದ ಮೇಲೆ ಕೂತು ನಿನ್ನ ಕೈ ಹಿಡಿದು, ಆಯ್ತು ಕಂದ, ನಾನೇ ಓದುತ್ತಿದ್ದೆ, ತಪ್ಪಾಯ್ತು, ಇನ್ನು ಓದಲ್ಲ ಅಂದೆ.

ಚಿಕ್ಕವಳಿದ್ದಾಗ ನಿನಗೆ ಬಾಗಿಲು ತಾಗಿದರೆ ಬಾಗಿಲಿಗೆ ಎರಡು ಏಟು ಕೊಟ್ಟು ಸಮಾಧಾನ ಮಾಡುತ್ತಿದ್ದೆನಲ್ಲ, ಹಾಗೇ ಮಾಡಲು ಹೋದೆ. ನೀನು ತಲೆಯೆತ್ತಿ ನನ್ನನ್ನೇ ನೋಡಿದೆ. ಆ ನೋಟ ನಾನು ಸಾಯುವವರೆಗೆ ಮರೆಯುವುದಿಲ್ಲ. ಅಲ್ಲಿಯವರೆಗೆ ಅದು ಯಾರ ದನಿ ಅಂತ ನಿನಗೆ ಅನುಮಾನವಿತ್ತು. ಅನುಮಾನ ಕಳೆದವಳು ನಾನು.

ಓದಲ್ಲ ಅಂದೆ, ಆದರೆ ದನಿ ನಿಲ್ಲಲಿಲ್ಲ. ಅಂದರೆ ಅಮ್ಮ ಮಾತು ಕೊಟ್ಟು ಮೋಸ ಮಾಡಿದಳು. ನಾನು ಬಡಿಸಿದ್ದನ್ನು ನೀನು ಮುಟ್ಟಲಿಲ್ಲ. ಕೋಣೆಯ ಬಾಗಿಲಿಗೆ ಒಳಗಿಂದ ಕುರ್ಚಿ ಅಡ್ಡ ಇಟ್ಟೆ. ಹನ್ನೊಂದನೇ ದಿನ ನೀನು ಹೇಳದೆ ಮನೆಬಿಟ್ಟು ಹೋದೆ, ರೈಲ್ವೆ ಟಿಕೆಟ್ ಕೌಂಟರಿನಿಂದ ಫೋನ್ ಬಂತು. ಹೋಗುವ ಊರು ನೀನು ಹೇಳುವ ಮೊದಲೇ ಆ ದನಿ ಓದಿಬಿಡುತ್ತಿತ್ತಂತೆ, ಅದಕ್ಕೇ ಬಾಯಿ ತೆರೆಯದೆ ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಟಿಕೆಟ್ ಕೊಡುವ ಹೆಂಗಸು ಪುಣ್ಯಾತ್ಗಿತ್ತಿ, ಸಾಲು ನಿಲ್ಲಿಸಿ ಹೊರಗೆ ಬಂದು ನಿನ್ನ ಪಕ್ಕ ಕೂತಿದ್ದಳು. ನನ್ನನ್ನು ಕಂಡ ಕೂಡಲೇ ನೀನು ಅವಳ ಬೆನ್ನ ಹಿಂದೆ ಅಡಗಿದೆ.

ನನ್ನ ದನಿಯಲ್ಲೇ ಯಾಕೆ ಅಂತ ಡಾಕ್ಟರಮ್ಮನನ್ನು ಕೇಳಿದೆ. ಈ ಕಾಯಿಲೆಯಲ್ಲಿ ಮಿದುಳು ತನ್ನೊಳಗಿನ ಮಾತನ್ನೇ ಹೊರಗಿಂದ ಬಂದದ್ದು ಅಂತ ತಿಳಿಯಬಹುದಂತೆ. ನಿಜವಾದ ದನಿ ಕೇಳಿಸಿದಷ್ಟೇ ಸ್ಪಷ್ಟವಾಗಿ ಕೇಳಿಸುತ್ತದಂತೆ. ನಾಟಕವಲ್ಲ, ಹಟವಲ್ಲ. ಕೆಲವರಿಗೆ ತೀರಾ ಪರಿಚಯದ ದನಿಯೇ ಕೇಳಿಸುವುದುಂಟಂತೆ. ಕಾಯಿಲೆ ಬಂದದ್ದು ನಿಮ್ಮಿಂದಲ್ಲ ಅಂತ ಅವರು ಮೂರು ಸಲ ಹೇಳಿದರು. ಸರಿ, ಕಾಯಿಲೆ ನನ್ನಿಂದ ಬರಲಿಲ್ಲ. ನಾನೇ ಓದುತ್ತಿದ್ದೆ ಅನ್ನುವ ಮಾತು ಮಾತ್ರ ನನ್ನ ಬಾಯಿಂದಲೇ ಬಂತು.

ನಾನು ನಿನ್ನನ್ನು ಓದುತ್ತಿರಲಿಲ್ಲ ಚುಕ್ಕಿ. ಬಾಯಿಬಿಟ್ಟು ಆಡಿದ ಆಟವೊಂದನ್ನು ಬಿಟ್ಟರೆ, ಒಂದು ದಿನವೂ ಇಲ್ಲ. ಓದುತ್ತಿದ್ದೆ ಅಂದದ್ದು ಸುಳ್ಳು. ಸುಳ್ಳು ಹೇಳಿದೆ ಅಂತ ಒಪ್ಪಿಕೊಂಡವಳೇ ಈಗ ನನ್ನನ್ನು ನಂಬು ಅನ್ನುತ್ತಿದ್ದಾಳೆ, ನಂಬುವುದು ಹೇಗೆ? ನಾನಾಗಿದ್ದರೆ ನಂಬುತ್ತಿರಲಿಲ್ಲ. ಆದರೂ ಬರೆದಿಟ್ಟಿದ್ದೇನೆ, ಹೊಟ್ಟೆಗೆ ಹಾಕಿಕೊ.

ಅಂಥ ಹೊತ್ತಿನಲ್ಲಿ ಹೇಗೆ ಮಾತಾಡಬೇಕು ಅಂತ ಡಾಕ್ಟರಮ್ಮ ಕಲಿಸಿದ್ದಾರೆ. ಹೌದು ಅಂತ ಒಪ್ಪಬಾರದು, ಇಲ್ಲ ಅಂತ ವಾದಕ್ಕೂ ಇಳಿಯಬಾರದು. ನನಗೆ ಕೇಳಿಸುತ್ತಿಲ್ಲ, ನಿನಗೆ ಕೇಳಿಸುತ್ತಿದೆ ಅಂತ ಗೊತ್ತು, ಭಯವಾಗುತ್ತಿರಬೇಕು, ಈಗ ಏನು ಮಾಡಿದರೆ ನಿನಗೆ ಸ್ವಲ್ಪ ಹಗುರಾಗುತ್ತದೆ? ಇಷ್ಟೇ. ಇಷ್ಟನ್ನು ನಾಲ್ಕು ತಿಂಗಳು ಮೊದಲು ಯಾರಾದರೂ ಹೇಳಿಕೊಟ್ಟಿದ್ದರೆ! ದಿನಾ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುತ್ತೇನೆ, ಗುರುತುಗಳನ್ನು ಬಿಟ್ಟು. ಬರೀ ಪದಗಳನ್ನು ಹೇಳುವುದು ನನಗೆ ಎಷ್ಟು ಕಷ್ಟ ಗೊತ್ತಾ? ಭಯವಾಗುತ್ತಿರಬೇಕು ಅಂದ ಕೂಡಲೇ ಫುಲ್‌ಸ್ಟಾಪ್ ಬಾಯಿಗೆ ಬಂದುಬಿಡುತ್ತದೆ. ಬಾಯಿಗೆ ಕೈ ಅಡ್ಡ ಹಿಡಿಯುತ್ತೇನೆ.

ಪ್ರೆಸ್ಸಿನಲ್ಲಿ ಈಗ ಜೋರಾಗಿ ಓದುವುದನ್ನು ಬಿಟ್ಟಿದ್ದೇನೆ. ಒಬ್ಬಳೇ ಎರಡು ಹಾಳೆ ಪಕ್ಕಪಕ್ಕ ಇಟ್ಟುಕೊಂಡು ಕಣ್ಣಲ್ಲೇ ನೋಡುತ್ತೇನೆ. ತಪ್ಪುಗಳು ಉಳಿಯುತ್ತವೆ, ಮಾಲೀಕರು ಗೊಣಗುತ್ತಾರೆ, ಗೊಣಗಲಿ.

ಸೋಮವಾರ ನೀನು ನಮ್ಮ ಮನೆಗೇ ಬಾ. ನಾನು ಇರುವುದಿಲ್ಲ. ಅಕ್ಕ ಬಂದು ನಿನ್ನ ಜೊತೆ ಇರುತ್ತಾಳೆ, ನಾನು ಅವಳ ಮನೆಯಲ್ಲಿ ಇರುತ್ತೇನೆ. ಎರಡು ಬೀದಿ ಆಚೆ, ನಾನು ಕೂಗಿದರೂ ನಿನಗೆ ಕೇಳಿಸುವುದಿಲ್ಲ. ಎಷ್ಟು ದಿನ ಅಂತ ನೀನೇ ಹೇಳು. ಮಾತ್ರೆಗಳ ಹೊತ್ತು ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದ್ದೇನೆ. ನಿನ್ನ ಕೋಣೆಯ ಚಿಲಕ ಸರಿಮಾಡಿಸಿದ್ದೇನೆ, ಒಳಗಿಂದ ಹಾಕಿಕೊಳ್ಳಬಹುದು. ಹಳೇ ಕುರ್ಚಿ ಕಿಟಕಿ ಹತ್ತಿರವೇ ಇದೆ.

ಆ ಕುರ್ಚಿ ನೆನಪಿದೆಯಾ? ನಿಮ್ಮಪ್ಪ ತೀರಿಕೊಂಡ ವರ್ಷ ಅದನ್ನು ಗುಜರಿಯವನಿಗೆ ಹಾಕಲು ಹೊರಟಿದ್ದೆ. ನಿನಗೆ ಏಳು ವರ್ಷ. ಅವನು ಹೊರಗೆ ಕಾಯುತ್ತಿದ್ದ. ಒಳಗೆ ಬಂದು ನೋಡಿದರೆ ಕುರ್ಚಿಯ ಕೆಳಗೆ ನೆಲದ ಮೇಲೆ ಉದ್ದಕ್ಕೂ ಸೀಮೆಸುಣ್ಣದ ಚುಕ್ಕಿಗಳು. ಪ್ರೂಫಿನಲ್ಲಿ ಒಂದು ಪದವನ್ನು ಹೊಡೆದುಹಾಕಿದ ಮೇಲೆ, ಬೇಡ, ಇದು ಇರಲಿ ಅನಿಸಿದರೆ ಅದರ ಕೆಳಗೆ ಚುಕ್ಕಿ ಇಡುತ್ತೇವಲ್ಲ, ನನ್ನ ಪಕ್ಕ ಕೂತು ಕೂತು ಅದನ್ನು ಕಲಿತಿದ್ದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗುಜರಿಯವನನ್ನು ಬರಿಗೈಯಲ್ಲಿ ಕಳಿಸಿದೆ. ಅವತ್ತಿನಿಂದಲೇ ನೀನು ಚುಕ್ಕಿ.

ದನಿ ಈಗ ಮೊದಲಿಗಿಂತ ಸಣ್ಣಗಾಗಿದೆ, ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳಿಸುತ್ತದೆ ಅಂದೆಯಂತೆ. ಅಷ್ಟು ಕೇಳಿಯೇ ನನಗೆ ಜೀವ ಬಂತು. ಅದು ಪೂರ್ತಿ ಹೋದ ದಿನ ನನ್ನ ದನಿಯೂ ನಿನಗೆ ಬೇಡವಾಗಿಯೇ ಉಳಿದರೆ ಅನ್ನುವ ಹೆದರಿಕೆ ಮಾತ್ರ ಇದೆ. ಇದ್ದರೆ ಇರಲಿ, ಮೊದಲು ಅದು ಹೋಗಲಿ.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಮೇಲೆ ಇನ್ನೊಂದು ಸುಳ್ಳು ಬರೆದಿದ್ದೇನೆ. ನೀನು ತಿದ್ದಿ ಕಳಿಸಿದ ಕಾಗದದಲ್ಲಿದ್ದದ್ದು ಎರಡು ಗುರುತಲ್ಲ, ಮೂರು. ಅಕ್ಕನಿಗೆ ತೋರಿಸುವಾಗ ಹಾಳೆಯ ಕೆಳಭಾಗ ಮಡಿಸಿಕೊಂಡಿದ್ದೆ. ಸಹಿಯಲ್ಲಿದ್ದ ‘ಅಮ್ಮ’ ಅನ್ನುವ ಪದದ ಮೇಲೆ ನೀನು ಗೀಟು ಎಳೆದಿದ್ದೆ. ಕೆಳಗೆಲ್ಲಾದರೂ ಚುಕ್ಕಿ ಇಟ್ಟಿದ್ದೀಯೇನೋ ಅಂತ ಕನ್ನಡಕ ಒರೆಸಿಕೊಂಡು, ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಇರಲಿಲ್ಲ. ಈ ಸಲ ನಿನಗೆ ಆ ಕೆಲಸ ಬೇಡ ಅಂತ ನಾನೇ ಸ್ಕೇಲ್ ಇಟ್ಟು ಈ ಕಾಗದದ ಸಹಿಯ ‘ಅಮ್ಮ’ನ ಮೇಲೆ ಗೀಟು ಎಳೆದಿದ್ದೇನೆ, ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಮೂರು ಚುಕ್ಕಿ ಸಾಕು. ಅವಸರವಿಲ್ಲ. ಇಡದಿದ್ದರೂ ಸರಿ, ಔಷಧ ಮಾತ್ರ ಬಿಡಬೇಡ. ಈ ಸಲ ಮಹಾಪ್ರಾಣ ಹಾಕಿದ್ದೇನೆ, ನೋಡಿಕೊ.